ಸೇತುವೆ ನಾಣ್ಯದ ಗಂಟು

ಬಸ್ ನಿಲ್ದಾಣದ ಶೌಚಾಲಯದ ಬಾಗಿಲಲ್ಲಿ ಗಲ್ಲಾಪೆಟ್ಟಿಗೆ ಇಟ್ಟುಕೊಂಡು ಕೂರುವವಳನ್ನು ಎಲ್ಲರೂ ಗಲ್ಲಾದಮ್ಮ ಎನ್ನುತ್ತಿದ್ದರು. ಲೋಕದ ಅರ್ಧ ಜನರ ಅವಸರವನ್ನು ಅವಳು ಕಣ್ಣಾರೆ ಕಂಡಿದ್ದಳು. ಎಂಥ ದೊಡ್ಡ ಮನುಷ್ಯನಾದರೂ ಅವಳ ಮುಂದೆ ಜೇಬು ತಡಕುತ್ತ ಕುಣಿಯಲೇಬೇಕು. ಆದರೆ ಕಾಣುವುದಕ್ಕೆ ಈಗ ಒಂದೇ ಕಣ್ಣು ಉಳಿದಿತ್ತು. ಎಡಗಣ್ಣು ಹೋದ ವರ್ಷವೇ ಕತ್ತಲಾಗಿತ್ತು. ಬಲಗಣ್ಣಿಗೂ ಅದೇ ರೋಗ. ಈ ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಆಮೇಲೆ ಮಾಡಿಸಿಯೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಖರ್ಚು ಕೇಳಿದಾಗ ಇವಳು, "ಡಾಕ್ಟ್ರೇ, ನಾನು ಕೇಳಿದ್ದು ಒಂದು ಕಣ್ಣಿಗೆ, ಇಡೀ ಬೀದಿಯವರ ಕಣ್ಣಿಗಲ್ಲ" ಎಂದಿದ್ದಳು. ಡಾಕ್ಟರು ನಗಲಿಲ್ಲ.

ಕಣ್ಣು ಕೈಕೊಟ್ಟ ಮೇಲೆ ಹೆಬ್ಬೆರಳು ಚುರುಕಾಗಿತ್ತು. ಬಿದ್ದ ನಾಣ್ಯವನ್ನೆಲ್ಲ ಸವರಿಯೇ ಪೆಟ್ಟಿಗೆಗೆ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಹಾಗೆ ಸವರುವಾಗ ಬೆರಳು ಎಡವಿತು. ಯಾವುದೋ ಸೇತುವೆಗೆ ನೂರು ವರ್ಷ ತುಂಬಿದ ನೆನಪಿಗೆ ಹೊರಡಿಸಿದ ನಾಣ್ಯ ಅದು. ಅಂಚಿನ ಹತ್ತಿರ ಹೆಸರುಕಾಳಿನಷ್ಟು ದಪ್ಪದ ಗಂಟೊಂದು ಸೇತುವೆಯ ಕಂಬವನ್ನೇ ನುಂಗಿ ಕೂತಿತ್ತು.

ಸಂಜೆ ಅದನ್ನು ಹಳೇ ನಾಣ್ಯದ ಅಂಗಡಿಗೆ ಒಯ್ದಳು. ಅಂಗಡಿಯವನು ಭೂತಕನ್ನಡಿ ಹಿಡಿದವನು ಉಸಿರಾಡುವುದನ್ನೇ ಮರೆತ.

"ಎಲ್ಲಿ ಸಿಕ್ತಮ್ಮ ಇದು?"

"ಅದನ್ನ ಹೇಳಿದ್ರೆ ನೀನು ಕೈ ತೊಳ್ಕೊಳೋಕೆ ಓಡ್ತೀಯ, ಬಿಡು."

"ನೋಡಿ, ಈ ಸೇತುವೆ ನಾಣ್ಯ ಲಕ್ಷಗಟ್ಟಲೆ ಇದಾವೆ. ಜನ ನೆನಪಿಗೆ ಅಂತ ಎತ್ತಿಡ್ತಾರೆ, ಬೆಲೆ ಚೂರೂ ಏರಲ್ಲ. ಆದ್ರೆ ಇದು ಟಂಕಸಾಲೇಲಿ ತಪ್ಪಿ ಹುಟ್ಟಿದ್ದು. ಅಚ್ಚಿನ ಅಂಚು ಮುರಿದು, ಆ ಸಂದಿಗೆ ಲೋಹ ನುಗ್ಗಿ ಗಂಟಾಗಿದೆ. ಇಷ್ಟು ದೊಡ್ಡದನ್ನ ನಾನೇ ನೋಡಿಲ್ಲ. ಬೆಲೆ ನಾಣ್ಯಕ್ಕಲ್ಲ, ಈ ಗಂಟಿಗೆ."

ಅವಳು ಆಪರೇಷನ್ನಿನ ಖರ್ಚು ಹೇಳಿದಳು. ಅಷ್ಟು ಬಂದೇ ಬರುತ್ತದೆ ಎಂದ. ಇಂಥದ್ದನ್ನೇ ಹುಡುಕುವ ಗಿರಾಕಿಯೊಬ್ಬ ಪರವೂರಿನಿಂದ ಭಾನುವಾರ ಬರುವವನಿದ್ದ.

"ಅಲ್ಲೀವರೆಗೂ ಇಲ್ಲೇ ಬಿಟ್ಟಿರಿ."

"ನನ್ನ ಕಣ್ಣು ಕಿತ್ತು ನಿನ್ನ ಡಬ್ಬೀಲಿಟ್ಟು ಹೋಗ್ಲಾ? ಆಗಲ್ಲಪ್ಪ."

"ಸರಿ. ತೊಳೀಬೇಡಿ, ಒರೆಸಬೇಡಿ, ಹುಳಿಗಿಳಿ ಹಾಕಿ ತಿಕ್ಕಬೇಡಿ."

ಮನೆಯಲ್ಲಿ ಗಂಡನಿದ್ದ. ನಲ್ಲಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಅಚ್ಚಿನಿಂದ ಬಂದ ನಲ್ಲಿಗಳಲ್ಲಿ ಎದ್ದುನಿಂತ ಲೋಹವನ್ನು ಅರದಿಂದ ಉಜ್ಜಿ ತೆಗೆಯುವುದೇ ಅವನ ಜೀವಮಾನದ ಕೆಲಸ. ಅದಕ್ಕೇ ಎಲ್ಲರೂ ನುಣುಪಪ್ಪ ಎನ್ನುತ್ತಿದ್ದರು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಚಮಚ, ಚಿಲಕ, ಕುರ್ಚಿಯ ಮೊಳೆ ಎಲ್ಲವೂ ನುಣುಪು. ತನ್ನನ್ನೂ ಉಜ್ಜಿಬಿಟ್ಟಾನೆಂದು ಬೆಕ್ಕು ಕೂಡ ಆ ಮನೆಯತ್ತ ಸುಳಿಯುತ್ತಿರಲಿಲ್ಲ.

"ಇದನ್ನ ಭದ್ರವಾಗಿ ಇಟ್ಕೊಂಡಿರಿ, ಕೊಳ್ಳೋಕೆ ಭಾನುವಾರ ಒಬ್ಬ ಬರ್ತಾನೆ. ನನ್ನ ಕಣ್ಣಿನ ದುಡ್ಡು ಇದರಲ್ಲೇ ಇದೆ ಕಣ್ರೀ. ತೊಳೀಬೇಡಿ, ಒರೆಸಬೇಡಿ."

"ಅಂಥದ್ದೇನಿದೆ ಇದರಲ್ಲಿ?"

"ಭಾನುವಾರ ಹೇಳ್ತೀನಿ. ಅಲ್ಲೀವರೆಗೂ ತಲೆ ಕೆರ್ಕೊಳ್ತಾ ಇರಿ."

ಗಂಡನನ್ನು ಕಾಡಿಸುವುದು ಅವಳಿಗೆ ಊಟಕ್ಕಿಂತ ರುಚಿ. ಅಂಗಡಿಯಲ್ಲಿ ಅವನ ಬಾಯಿ ಹೇಗೆ ತೆರೆಯುತ್ತದೆಂದು ನೆನೆದುಕೊಂಡೇ ಭಾನುವಾರದವರೆಗೆ ದಿನ ದೂಡಿದಳು.

ಗಿರಾಕಿ ಅಂಗಡಿಯಲ್ಲಿ ತೆಳ್ಳಗಿನ ಕೈಗವಸು ಹಾಕಿಕೊಂಡು ಕಾದಿದ್ದ. ನುಣುಪಪ್ಪ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಹೆಂಡತಿಯ ಕೈಗಿಟ್ಟ. ಅವಳು ಬಿಚ್ಚಿದಳು. ಹೆಬ್ಬೆರಳು ನಾಣ್ಯದ ಸುತ್ತ ಜಾರಿತು. ತಿರುಗಿಸಿ ಇನ್ನೊಂದು ಮಗ್ಗುಲಲ್ಲೂ ಜಾರಿತು. ಎಲ್ಲಿಯೂ ನಿಲ್ಲಲಿಲ್ಲ.

"ರೀ, ಏನು ಮಾಡಿದ್ರಿ ಇದಕ್ಕೆ?"

"ತೊಳೆದಿಲ್ಲ, ಒರೆಸಿಲ್ಲ" ಎಂದ ಅವನು ಹೆಮ್ಮೆಯಿಂದ. "ಅಂಚಲ್ಲಿ ಗಲೀಜು ಲೋಹ ಎದ್ದಿತ್ತು, ನಿನಗೆ ಕಂಡಿರಲ್ಲ. ಅದನ್ನೇ ತೋರಿಸಿ ರೇಟು ಇಳಿಸಿಬಿಟ್ರೆ? ಸಣ್ಣ ಅರದಲ್ಲಿ ತೆಗ್ದೆ. ಗುರುತೂ ಸಿಗಲ್ಲ, ನೋಡು."

ಗಿರಾಕಿ ಭೂತಕನ್ನಡಿಯಲ್ಲಿ ನೋಡಿದ. ಬಹಳ ಹೊತ್ತು ನೋಡಿ, "ಕೆಲಸ ಅಚ್ಚುಕಟ್ಟಾಗಿದೆ" ಎಂದ. ಕೈಗವಸು ಕಳಚತೊಡಗಿದ.

ಅಂಗಡಿಯವನೇ ಬಿಡಿಸಿ ಹೇಳಬೇಕಾಯಿತು. ಗಂಟಿಗೇ ದುಡ್ಡು ಇದ್ದದ್ದು, ಈಗ ಗಂಟಿಲ್ಲ. "ಇನ್ನು ಇದಕ್ಕೆ ಮೇಲೆ ಬರೆದಿರೋಷ್ಟೇ ಬೆಲೆ. ಅರ ಆಡಿರೋದ್ರಿಂದ ಅಷ್ಟಕ್ಕೂ ಯಾರಾದ್ರೂ ತಗೋತಾರೋ ಇಲ್ವೋ."

ನುಣುಪಪ್ಪ ತಾನು ಉಜ್ಜಿದ ಅಂಚನ್ನು ತಾನೇ ಒಮ್ಮೆ ಸವರಿದ.

"ಆ ಪುಡಿ ಕಸದ ಡಬ್ಬೀಲೇ ಇರುತ್ತೆ" ಎಂದ ಮೆಲ್ಲಗೆ. "ಹುಡುಕಿ ತಂದ್ರೆ ಆಗಲ್ವಾ?"

ಅಂಗಡಿಯವನು ನಾಣ್ಯವನ್ನು ಮತ್ತೆ ಅದೇ ಕಾಗದದಲ್ಲಿ ಸುತ್ತಿ ಕೊಟ್ಟ.

ದಾರಿಯಲ್ಲಿ ಅವನು ಯಾವುದೋ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

"ನೀನಾದ್ರೂ ಯಾಕೆ ಹೇಳ್ಲಿಲ್ಲ?"

ಗಲ್ಲಾದಮ್ಮ ಅವನ ಪಕ್ಕ ಕೂತಳು.

"ಹೇಳಿದ್ರೆ ಮಜಾ ಇರ್ತಿರಲಿಲ್ಲ ಅಂತ" ಎಂದಳು.

ತಿಂಗಳು ಮುಗಿಯಿತು. ಈಗ ನುಣುಪಪ್ಪ ಶೌಚಾಲಯದ ಬಾಗಿಲಲ್ಲಿ ಅವಳ ಪಕ್ಕವೇ ಕೂರುತ್ತಾನೆ. ಮುಂದೆ ಅಭ್ಯಾಸವಾಗಲಿ ಎಂದು ಅವಳು ಕಣ್ಣು ಮುಚ್ಚಿಕೊಂಡಿರುತ್ತಾಳೆ. ಬಂದವರು ಹೇಗಿದ್ದಾರೆಂದು ಅವನು ಹೇಳಬೇಕು.

"ಯಾರೋ ಬಂದ್ರು."

"ಹೇಗಿದಾರೆ?"

"ಮನುಷ್ಯರ ಹಾಗಿದಾರೆ."

"ಅಷ್ಟು ನನಗೂ ಗೊತ್ತು. ಎಮ್ಮೆ ಕಾಸು ಕೊಟ್ಟು ಒಳಗೆ ಹೋಗುತ್ತಾ? ಬಟ್ಟೆ ಯಾವ ಬಣ್ಣ ಹೇಳ್ರೀ."

ಅವನು ತಡವರಿಸಿದ. "ನೀಲಿ ಇರಬೇಕು. ಹಸಿರೂ ಇರಬಹುದು. ನೀನೇ ಒಂದ್ಸಲ ನೋಡ್ಬಿಡು, ನನಗೆ ಬಣ್ಣ ಹೇಳೋಕೆ ಬರಲ್ಲ."

ಅವಳು ಬಲಗಣ್ಣು ತೆರೆದಳು. ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ.

"ನೀಲಿನೇ" ಎಂದಳು.