ಚಿಕ್ಕ ಗುಳ್ಳೆಯ ಗಾಳಿ

ಇಪ್ಪತ್ತೊಂದು ವರ್ಷದಿಂದ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಟೀಚರಿಗೆ ಸಾಬೂನು ಗುಳ್ಳೆಯ ಪಾಠವೆಂದರೆ ನೀರು ಕುಡಿದಷ್ಟು ಸಲೀಸು. ಆ ದಿನವೂ ಬೋರ್ಡಿನ ಮೇಲೆ ಒಂದು ಕೊಳವೆ ಬರೆದು, ಒಂದು ತುದಿಗೆ ದೊಡ್ಡ ಗುಳ್ಳೆ, ಇನ್ನೊಂದು ತುದಿಗೆ ಚಿಕ್ಕ ಗುಳ್ಳೆ, ನಡುವೆ ಒಂದು ನಲ್ಲಿ ಇಟ್ಟು ಕೇಳಿದರು: "ನಲ್ಲಿ ತಿರುಗಿಸಿದ್ರೆ ಏನಾಗುತ್ತೆ?"

"ಎರಡೂ ಒಂದೇ ಸಮ ಆಗುತ್ತೆ!" ಎಂದು ತರಗತಿಯೆಲ್ಲ ಕೂಗಿತು. ಟೀಚರ್ ಹೌದೆಂದು ತಲೆಯಾಡಿಸಿದರು.

ಮೊದಲ ಬೆಂಚಿನಲ್ಲಿ ಒಂದು ಕೈ ಎದ್ದಿತು. ಎಲ್ಲದಕ್ಕೂ ಯಾಕೆ, ಯಾಕೆ ಎಂದು ಬೆನ್ನು ಹತ್ತುತ್ತಾಳೆಂದು ಗೆಳತಿಯರು 'ಯಾಕಮ್ಮ' ಎಂದೇ ಕರೆಯುತ್ತಿದ್ದ ಹುಡುಗಿ ಅವಳು.

"ಇಲ್ಲ ಟೀಚರ್, ಚಿಕ್ಕದರ ಗಾಳಿಯೆಲ್ಲ ದೊಡ್ಡದಕ್ಕೆ ಹೋಗಿಬಿಡುತ್ತೆ. ನಾನೂ ಅಕ್ಕನೂ ಮನೇಲಿ ಪೈಪ್ ಹಿಡ್ಕೊಂಡು ನೋಡಿದೀವಿ."

"ಹೌದಾ ತಾಯಿ? ಹಾಗಾದ್ರೆ ನಾಳೆಯಿಂದ ನೀನೇ ಪಾಠ ಮಾಡು, ನಾನು ನಿನ್ನ ಜಾಗದಲ್ಲಿ ಕೂತ್ಕೋತೀನಿ. ಬಚ್ಚಲಲ್ಲಿ ಕಂಡಿದ್ದೆಲ್ಲ ವಿಜ್ಞಾನ ಅಲ್ಲಮ್ಮ."

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಕಿವಿ ಕೆಂಪಾದದ್ದು ಟೀಚರಿಗೆ ಕಂಡಿತು. ಕಂಡರೂ ಅವರು ಪಾಠ ಮುಂದುವರಿಸಿದರು.

ಮರುದಿನ ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದಾಗ ಯಾಕೋ ತಡೆಯಲಾಗಲಿಲ್ಲ. ಎರಡು ಆಲಿಕೆಗಳನ್ನು ರಬ್ಬರ್ ಕೊಳವೆಯಿಂದ ಜೋಡಿಸಿ, ನಡುವೆ ಕ್ಲಿಪ್ ಹಾಕಿ, ಎರಡು ಕಡೆಗೂ ಗುಳ್ಳೆ ಊದಿದರು. ಕ್ಲಿಪ್ ತೆಗೆದದ್ದೇ ತಡ, ಚಿಕ್ಕ ಗುಳ್ಳೆ ಕುಗ್ಗುತ್ತ ಕುಗ್ಗುತ್ತ ಮಾಯವಾಯಿತು. ದೊಡ್ಡದು ಇನ್ನಷ್ಟು ಊದಿಕೊಂಡಿತು. ನಾಲ್ಕು ಸಲ ಮಾಡಿದರೂ ಅದೇ ಕಥೆ.

ಟೀಚರ್ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದರು. ಸಾಬೂನಿನ ಪೊರೆ ಎಳೆದ ರಬ್ಬರಿನ ಹಾಗೆ ಸದಾ ಕುಗ್ಗಲು ನೋಡುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಒಳಗಿನ ಒತ್ತಡ ಹೆಚ್ಚು, ಹಾಗಾಗಿ ಗಾಳಿ ದೊಡ್ಡದರ ಕಡೆಗೇ ನುಗ್ಗುತ್ತದೆ. ಎರಡರ ಗಾಳಿ ಒಂದರಲ್ಲೇ ಸೇರಿದರೆ ಪೊರೆಯ ಒಟ್ಟು ಹರವು ಕಡಿಮೆ, ಅದರಲ್ಲಿ ಕೂಡಿದ್ದ ಶಕ್ತಿಯೂ ಕಡಿಮೆ. ಈ ಸೂತ್ರಗಳನ್ನು ಅವರು ಪ್ರತಿವರ್ಷ ಬೋರ್ಡಿಗೆ ಬರೆದಿದ್ದರು. ಬರೆದದ್ದನ್ನು ಒಮ್ಮೆಯೂ ಕೂಡಿಸಿ ನೋಡಿರಲಿಲ್ಲ.

ನಾಳೆ ಹೇಳಿದರಾಯಿತು ಎಂದುಕೊಂಡರು. ನಾಳೆ ಸೋಮವಾರವಾಯಿತು, ಸೋಮವಾರ ಮುಂದಿನ ವಾರವಾಯಿತು. ಅಷ್ಟರಲ್ಲಿ ಆ ಹುಡುಗಿ ಕೊನೆಯ ಬೆಂಚು ಸೇರಿದ್ದಳು. ಅವಳ ಕಡೆ ಕಣ್ಣು ಹೋದಾಗಲೆಲ್ಲ ಟೀಚರ್ ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದರು.

ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಬೇರೆ ವಿಭಾಗದ ಮೇಷ್ಟ್ರು ತೆಗೆದಿದ್ದರು. ಅದರಲ್ಲಿ ಅದೇ ಪ್ರಶ್ನೆ. ಅವಳ ಉತ್ತರಪತ್ರಿಕೆಯಲ್ಲಿ ದುಂಡಗಿನ ಅಕ್ಷರದಲ್ಲಿತ್ತು: 'ಎರಡೂ ಗುಳ್ಳೆಗಳು ಸಮವಾಗುತ್ತವೆ.' ಟೀಚರ್ ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತರು. ತಪ್ಪು ಹಾಕಬೇಕಾದದ್ದು ಯಾರಿಗೆ?

ಮರುದಿನ ಆಲಿಕೆ, ಕೊಳವೆಗಳನ್ನೆಲ್ಲ ತರಗತಿಗೇ ಹೊತ್ತು ತಂದರು. ಕ್ಲಿಪ್ ತೆಗೆಯಲು ಅವಳನ್ನೇ ಕರೆದರು. ಚಿಕ್ಕ ಗುಳ್ಳೆ ಎಲ್ಲರ ಕಣ್ಣೆದುರೇ ಇಲ್ಲವಾಯಿತು.

"ಅವತ್ತು ಇವಳು ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು. ಸಾಲದ್ದಕ್ಕೆ ನಿಮ್ಮೆಲ್ಲರ ಮುಂದೆ ಇವಳನ್ನ ನಗೆಪಾಟಲು ಮಾಡಿದೆ. ತಪ್ಪಾಯ್ತಮ್ಮ."

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಹುಡುಗಿ ಮೇಜಿನ ಹತ್ತಿರ ನಿಂತಳು.

"ನಿಮಗೆ ಯಾವಾಗ ಗೊತ್ತಾಯ್ತು ಟೀಚರ್?"

ನಿನ್ನೆ ಎಂದುಬಿಡಬಹುದಿತ್ತು. "ಪಾಠ ಮಾಡಿದ ಮರುದಿನಾನೇ," ಎಂದರು ಟೀಚರ್. "ಬಾಯಿ ಬರಲಿಲ್ಲ."

"ಐದು ವಾರ ಆಯ್ತಲ್ಲ," ಎಂದಳು ಹುಡುಗಿ. ಸಿಟ್ಟಿನ ದನಿಯಲ್ಲ, ಲೆಕ್ಕ ಹಾಕಿದ ದನಿ. "ನಾನು ಅಕ್ಕನ ಜೊತೆ ಜಗಳ ಆಡಿದೆ ಟೀಚರ್. ನಾವು ಸರಿಯಾಗಿ ನೋಡೇ ಇಲ್ಲ ಅಂದೆ. ಅವಳು ನೋಡಿದೀವಿ ಕಣೇ ಅಂತ ಎಷ್ಟು ಹೇಳಿದ್ರೂ ನಂಬಲಿಲ್ಲ."

ಹುಡುಗಿ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹೋದಳು.

ವರ್ಷ ಮುಗಿಯುವವರೆಗೂ ಅವಳು ಕೊನೆಯ ಬೆಂಚು ಬಿಡಲಿಲ್ಲ. ಆಗೊಮ್ಮೆ ಈಗೊಮ್ಮೆ ಅವಳ ಕೈ ಅರ್ಧ ಮೇಲೇಳುತ್ತಿತ್ತು. ಆಗ ಟೀಚರ್ ಮಾತು ನಿಲ್ಲಿಸಿ, ಸೀಮೆಸುಣ್ಣ ಕೆಳಗಿಟ್ಟು, ಅದು ಪೂರ್ತಿ ಮೇಲೇಳುವವರೆಗೆ ಕಾಯುತ್ತಿದ್ದರು.