ಮದರ್‌ಬೋರ್ಡಿಗೆ ಹಚ್ಚಿದ ಕುಂಕುಮ

ನಾನು ಒಂದು ಮದರ್‌ಬೋರ್ಡು. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಬೆನ್ನು ಗೋಡೆಗೆ ಹಚ್ಚಿ ನಿಂತಿರುವ ಹಲಗೆ. ಹೆಸರಿಗೆ ತಾಯಿ, ಹೊತ್ತದ್ದೆಲ್ಲ ಬೇರೆಯವರ ಮಕ್ಕಳನ್ನು. ಪ್ರೊಸೆಸರು ಎಂಬ ಜಂಬದವನು ನಡುಮಧ್ಯೆ ಫ್ಯಾನಿನ ಗಾಳಿ ಹಾಕಿಸಿಕೊಂಡು ಕೂತಿರುತ್ತಾನೆ. ಅವನ ಪಕ್ಕದಲ್ಲಿ ರ‍್ಯಾಮು ಎಂಬ ನೆನಪಿನ ಪಟ್ಟಿ ಸಣ್ಣ ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ಊರಿನ ಜನ ಹೊಗಳುವುದು ಅವರನ್ನು. ನನ್ನ ನೆನಪಾಗುವುದು ಕಂಪ್ಯೂಟರು ಏಳದೆ ಹೋದಾಗ ಮಾತ್ರ.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಕರಗಿದ ಬೆಸುಗೆಯ ಅಲೆಯ ಮೇಲೆ ನನ್ನನ್ನು ತೇಲಿಸಿ ತೆಗೆದರು, ಅದೇ ನನ್ನ ಮೊದಲ ಸ್ನಾನ. ಆಮೇಲೆ ಒಂದು ಪಾಠ ಕಲಿಸಿದರು. ಗುಂಡಿ ಒತ್ತಿದ ಕೂಡಲೇ ಎಲ್ಲರಿಗಿಂತ ಮೊದಲು ಏಳಬೇಕು. ಶಾಲೆಯ ಮಾಸ್ತರರು ಹಾಜರಿ ಕರೆಯುವ ಹಾಗೆ ಒಬ್ಬೊಬ್ಬರನ್ನೇ ಕರೆಯಬೇಕು. ಎಲ್ಲರೂ ಓಗೊಟ್ಟರೆ ಒಮ್ಮೆ ‘ಪೀಂ’ ಎನ್ನಬೇಕು. ಯಾರಾದರೂ ಓಗೊಡದಿದ್ದರೆ ಅವರವರಿಗೆ ತಕ್ಕ ಕೂಗು ಬೇರೆ, ಅದನ್ನು ಕೂಗಬೇಕು. ನನಗೆ ಬರುವ ಭಾಷೆ ಇಷ್ಟೇ. ಆದರೂ ಮಾತು ಬಲ್ಲೆನೆಂಬ ಹೆಮ್ಮೆ ನನಗಿತ್ತು.

ರಟ್ಟಿನ ಡಬ್ಬಿಯಲ್ಲಿ ಊರೂರು ತಿರುಗಿ ಕಡೆಗೆ ಬಂದು ಇಳಿದದ್ದು ಗದಗಿನಲ್ಲಿ. ಹಳೇ ಅಚ್ಚುಕೂಟವೊಂದರ ಕೋಣೆ. ಗೋಡೆಯಲ್ಲಿ ಇನ್ನೂ ಮಸಿಯ ವಾಸನೆ ಇತ್ತು. ಅಲ್ಲಿ ಒಬ್ಬ ತಂದೆ ಜೀವಮಾನವೆಲ್ಲ ಲಗ್ನಪತ್ರಿಕೆ ಅಚ್ಚು ಹಾಕಿ ತೀರಿಕೊಂಡಿದ್ದರು. ಈಗ ಅವರ ಮಕ್ಕಳಿಬ್ಬರು ಅದೇ ಕೋಣೆಯಲ್ಲಿ ಲಗ್ನದ ವಿಡಿಯೋ ಮಾಡುತ್ತಿದ್ದರು. ಅಕ್ಕ ನೀಲಾಂಬಿಕಾ. ಲಗ್ನವಾಗಿರಲಿಲ್ಲ, ಊರಿಗೆಲ್ಲ ನೀಲಕ್ಕ. ತಮ್ಮ ಚನ್ನವೀರ. ತಮ್ಮ ಕ್ಯಾಮರಾ ಹಿಡಿದು ಹೋಗಿ ಚಿತ್ರ ತರುವುದು, ಅಕ್ಕ ಕೂತು ಕತ್ತರಿಸಿ ಜೋಡಿಸುವುದು. ನನ್ನನ್ನು ಪೆಟ್ಟಿಗೆಯೊಳಗೆ ಕೂರಿಸಿ ತಿರುಪು ಬಿಗಿದವನು ಚನ್ನವೀರನೇ. ಒಂದು ತಿರುಪನ್ನು ಸ್ವಲ್ಪ ಹೆಚ್ಚೇ ಬಿಗಿದ. ಅವನ ಸ್ವಭಾವವೇ ಹಾಗೆ.

ಅವನಿಗೆ ವೇಗದ ಹುಚ್ಚು. ಕಾರ್ಖಾನೆಯವರು ನಮಗೆ ಇಂತಿಷ್ಟೇ ವೇಗ ಎಂದು ಗೊತ್ತುಮಾಡಿ ಕಳಿಸಿರುತ್ತಾರೆ. ಅದಕ್ಕಿಂತ ಮೇಲೆ ಓಡಿಸುವುದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ. ಚನ್ನವೀರ ನನ್ನ ಒಳಗಿನ ಸೆಟ್ಟಿಂಗಿಗೆ ಹೋಗಿ ಅಂಕಿಯನ್ನು ಒಂದೊಂದೇ ಮೆಟ್ಟಿಲು ಏರಿಸುತ್ತಿದ್ದ. ಏರಿಸಿದಾಗೆಲ್ಲ ನಾನು ಒಮ್ಮೆ ಉಸಿರು ಕಟ್ಟಿ, ಕತ್ತಲಾಗಿ, ಮತ್ತೆ ಏಳುತ್ತಿದ್ದೆ. ಅದು ನಮ್ಮ ಜಾತಿಗೆ ಸಹಜ. ನೀಲಕ್ಕನಿಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

“ಇದ್ದ ಜೋರಿನಾಗ ಓಡೂದು ಓಡ್ಲಿ ಬಿಡೋ. ಯಾಕ ಅದರ ಜೀವಾ ತಿಂತಿ?”

“ಅಕ್ಕಾ, ಇದಕ್ಕ ತಾಕತ್ತೈತಿ. ಸುಮ್ನ ಕೂಡಿಸಿದ್ರ ಅದಕ್ಕೂ ಬ್ಯಾಸರ ಆಕ್ಕೈತಿ.”

ನಿಜ ಹೇಳಬೇಕೆಂದರೆ ಅವನ ಮಾತೇ ಸರಿ. ಓಡುವುದು ನನಗೆ ಇಷ್ಟವಾಗಿತ್ತು. ಆದರೆ ಅಕ್ಕ ಹೆದರುವುದಕ್ಕೂ ಕಾರಣವಿತ್ತು. ಹಿಂದೊಮ್ಮೆ, ತಂದೆ ಇದ್ದಾಗ, ಈ ಹುಡುಗ ಅಚ್ಚಿನ ಯಂತ್ರ ಬೇಗ ಓಡಲೆಂದು ಅದರ ಗಾಲಿ ಬದಲಿಸಿ ಶಾಫ್ಟು ಮುರಿದಿದ್ದನಂತೆ. ತಂದೆ ಒಂದು ಮಾತೂ ಬೈಯಲಿಲ್ಲವಂತೆ. ಆ ಬೈಯದ ಬೈಗುಳ ಮನೆಯೊಳಗೆ ಹಾಗೇ ಉಳಿದುಕೊಂಡಿತ್ತು.

ನನ್ನ ‘ಪೀಂ’ ಹೋದದ್ದೂ ಆ ಕೋಣೆಯಲ್ಲೇ. ನೀಲಕ್ಕ ವಿಡಿಯೋಗೆ ತನ್ನ ಧ್ವನಿಯಲ್ಲೇ ವಿವರಣೆ ಓದಿ ಹಾಕುತ್ತಿದ್ದಳು. ನಡುವೆ ನಾನು ಎದ್ದು ಕೂಗಿದರೆ ಅವಳು ಬೆಚ್ಚಿಬೀಳುತ್ತಿದ್ದಳು. ಅಕ್ಕನಿಗೆ ತೊಂದರೆಯಾಗಬಾರದೆಂದು ಚನ್ನವೀರ ನನಗೆ ಸಿಕ್ಕಿಸಿದ್ದ ಗುಂಡಿಯಷ್ಟು ಗಾತ್ರದ ಸ್ಪೀಕರನ್ನು ಕಿತ್ತು ಮೇಜಿನ ಖಾನೆಯಲ್ಲಿ ಇಟ್ಟುಬಿಟ್ಟ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅಂದಿನಿಂದ ನನ್ನ ಬಾಯಿಗೆ ಬೀಗ ಬಿತ್ತು. ಹಾಜರಿ ಕರೆಯುತ್ತಿದ್ದೆ, ಕೂಗುತ್ತಿದ್ದೆ, ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲ ಸರಿ ಇರುವವರೆಗೆ ಅದೇನೂ ದೊಡ್ಡದೆನಿಸಲಿಲ್ಲ.

ಇನ್ನು ಖಂಡೇ ಪೂಜೆಯ ಮಾತು. ನೀವು ಆಯುಧಪೂಜೆ ಎನ್ನುತ್ತೀರೇನೋ. ವರ್ಷಕ್ಕೊಮ್ಮೆ ನನಗೂ ಒಂದು ಮಾನ ಬರುತ್ತಿದ್ದ ದಿನ ಅದು. ಬೇರೆ ಕಡೆ ಕಂಪ್ಯೂಟರಿನ ಪೆಟ್ಟಿಗೆಗೆ ಹೊರಗಿನಿಂದ ಮೂರು ಬೆರಳು ವಿಭೂತಿ ಎಳೆದು ಕೈತೊಳೆದುಕೊಳ್ಳುತ್ತಾರೆ. ನೀಲಕ್ಕನ ಅಪ್ಪ ಹಾಗಲ್ಲ, ಅಚ್ಚಿನ ಯಂತ್ರದ ಹೊಟ್ಟೆಯೊಳಗೆ ಕೈಹಾಕಿ ಹಲ್ಲುಗಾಲಿಗೆ ಕುಂಕುಮ ಹಚ್ಚುತ್ತಿದ್ದರಂತೆ. “ಹೊರಗ ಹಚ್ಚಿದ್ರ ಪೆಟ್ಟಿಗಿಗೆ ಪೂಜಿ ಆಕ್ಕೈತಿ, ಯಂತ್ರಕ್ಕ ಆಗೂದಿಲ್ಲ” ಎನ್ನುತ್ತಿದ್ದರಂತೆ. ಮಗಳೂ ಅದನ್ನು ಬಿಡಲಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದು ನೇರ ನನಗೇ ಹಚ್ಚುತ್ತಿದ್ದಳು. ಚನ್ನವೀರ ಟಾರ್ಚ್ ಹಿಡಿದು ನಿಂತು, “ಅಲ್ಲಿ ಬ್ಯಾಡ ಅಕ್ಕಾ, ಅಂಚಿಗೆ ಹಚ್ಚು, ಹಗೂರಕ್ಕ” ಎಂದು ಜಾಗ ತೋರಿಸುತ್ತಿದ್ದ. ಉಂಗುರದ ಬೆರಳು ಮೆಲ್ಲಗೆ ಬಂದು ನನ್ನ ಅಂಚಿನಲ್ಲಿ ನಿಲ್ಲುತ್ತಿತ್ತು. ವರ್ಷವೆಲ್ಲ ತಿರುಪುಳಿ, ಬ್ರಷ್ಷು ಬಿಟ್ಟರೆ ಯಾರೂ ಮುಟ್ಟದ ನನಗೆ ಆ ಬೆರಳು ಬಲು ದೊಡ್ಡದು.

ಆ ವರ್ಷ ಮುಳಗುಂದದ ಸೋಮನಗೌಡರ ಮಗಳ ಲಗ್ನದ ವಿಡಿಯೋ ಬಾಕಿ ಇತ್ತು. ಮೊದಲ ದಸರೆಗೆ ಅಳಿಯ ಮನೆಗೆ ಬರುತ್ತಾನೆ, ಬೀಗರೊಂದಿಗೆ ಎಲ್ಲರೂ ಕೂತು ನೋಡಬೇಕು ಎಂದು ಗೌಡರು ಹೇಳಿಹೋಗಿದ್ದರು. ಜೋಡಣೆ ಮುಗಿದಿತ್ತು. ಎಲ್ಲ ತುಣುಕುಗಳನ್ನೂ ಒಂದು ಮಾಡಿ ಹೊರತೆಗೆಯುವ ಕೆಲಸವಷ್ಟೇ ಉಳಿದಿತ್ತು. ಅದಕ್ಕೆ ತಾಸುಗಟ್ಟಲೆ ಬೇಕು. “ದಸರಾ ಮುಂಜಾನೆ ಹಚ್ಚಿದ್ರ ಮಧ್ಯಾಹ್ನಕ್ಕ ರೆಡಿ” ಎಂದ ಚನ್ನವೀರ, ಅಕ್ಕನ ಕಣ್ಣು ತಪ್ಪಿಸಿ ನನ್ನ ವೇಗವನ್ನು ಮತ್ತೊಂದು ಮೆಟ್ಟಿಲು ಏರಿಸಿ ಲಕ್ಷ್ಮೇಶ್ವರಕ್ಕೆ ಶೂಟಿಂಗಿಗೆ ಹೋದ. ನಾನು ಒಮ್ಮೆ ಕತ್ತಲಾಗಿ ಎದ್ದೆ. ಆ ವೇಗ ನನಗೆ ಸಲೀಸಾಗಿತ್ತು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಮರುದಿನ ಪೂಜೆಗೆ ಅವನು ಇರಲಿಲ್ಲ. ನೀಲಕ್ಕ ಒಬ್ಬಳೇ ಬಾಗಿಲು ತೆಗೆದಳು. ಒಂದು ಕೈಯಲ್ಲಿ ತಟ್ಟೆ, ಬೆಳಕು ಹಿಡಿಯುವವರು ಯಾರೂ ಇಲ್ಲ. ಕಲಸಿದ ಕುಂಕುಮ ಸ್ವಲ್ಪ ನೀರಾಗಿತ್ತು. ಎಲ್ಲರಿಗಿಂತ ಎತ್ತರಕ್ಕೆ ಕಂಡದ್ದು ರ‍್ಯಾಮಿನ ಪಟ್ಟಿ. ಅದರ ನೆತ್ತಿಯ ಮೇಲೆ ಭಕ್ತಿಯಿಂದ ಒಂದು ದೊಡ್ಡ ಬೊಟ್ಟು ಇಟ್ಟು ಕೈಮುಗಿದಳು. ಕುಂಕುಮ ಒಂದು ಗೆರೆಯಾಗಿ ಇಳಿದು, ಪಟ್ಟಿಯ ಬುಡದ ಸೀಳಿನೊಳಗೆ ಹೋಗಿ ಕೂತಿತು. ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟುವ ಹಾಗಿಲ್ಲ. ಅದು ಅಲ್ಲೇ ಒಣಗಿತು.

ದಸರೆಯ ಮುಂಜಾನೆ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ನಾನು ಹಾಜರಿ ಕರೆದೆ. ರ‍್ಯಾಮು ಓಗೊಡಲಿಲ್ಲ. ‘ರ‍್ಯಾಮು, ರ‍್ಯಾಮಿನ ಬುಡ ನೋಡಿ’ ಎಂದು ನನ್ನ ಭಾಷೆಯಲ್ಲಿ ಮತ್ತೆ ಮತ್ತೆ ಕೂಗಿದೆ. ನನ್ನ ಬಾಯಿ ಮೇಜಿನ ಖಾನೆಯಲ್ಲಿ, ಹಳೇ ಪೆನ್ನುಗಳ ನಡುವೆ ಬಿದ್ದಿತ್ತು.

ಚನ್ನವೀರ ಲಕ್ಷ್ಮೇಶ್ವರದಿಂದ ಬಂದ. ಕಿಸೆಯಲ್ಲಿ ಬನ್ನಿ ಎಲೆ ಇತ್ತು. ನಮ್ಮ ಕಡೆ ದಸರೆಯ ದಿನ ಬನ್ನಿಯನ್ನು ಬಂಗಾರವೆಂದು ಹಿರಿಯರ ಕೈಗಿಟ್ಟು ಕಾಲುಮುಟ್ಟುತ್ತಾರೆ. ಅವನು ಎಲೆಯನ್ನು ನನ್ನ ಪೆಟ್ಟಿಗೆಯ ಮೇಲಿಟ್ಟು ಒಳಗೆ ಬಗ್ಗಿದ. ಬೊಟ್ಟು ಕಂಡಿತು. ಪ್ರತಿ ವರ್ಷ ಇರುವ ಬೊಟ್ಟು, ಅದರಲ್ಲೇನು ಎಂದುಕೊಂಡ. ಅವನ ತಲೆಯಲ್ಲಿ ಇದ್ದದ್ದು ತಾನು ಕದ್ದು ಏರಿಸಿದ ಆ ಒಂದು ಮೆಟ್ಟಿಲು. ಹುಡುಕುವುದಕ್ಕೂ ಅಲ್ಲೇ ಹುಡುಕಿದ. ಪ್ರೊಸೆಸರಿನ ಫ್ಯಾನು ಬಿಚ್ಚಿ ಸುಟ್ಟ ವಾಸನೆ ಇದೆಯೇ ಎಂದು ಮೂಸಿದ. ಬಿಲ್ಲೆಯ ಹಾಗಿರುವ ನನ್ನ ಬ್ಯಾಟರಿ ಕಿತ್ತು, ತಾನು ಇಟ್ಟಿದ್ದ ವೇಗವನ್ನೆಲ್ಲ ತಾನೇ ಅಳಿಸಿಹಾಕಿ, ಮತ್ತೆ ಹಾಕಿದ. ಕಪ್ಪು. ಮತ್ತೆ ಕಿತ್ತ. ಕಪ್ಪು. ರ‍್ಯಾಮಿನ ಕಡೆ ಕೈ ಹೋಗಲೇ ಇಲ್ಲ. ತಪ್ಪು ತನ್ನದೇ ಎಂದು ತೀರ್ಮಾನಿಸಿದವನಿಗೆ ಬೇರೆ ಕಡೆ ಕಣ್ಣು ಹೋಗುವುದಾದರೂ ಹೇಗೆ?

“ಸ್ಪೀಡ್ ಏರಿಸಿದ್ಯಾ?” ನೀಲಕ್ಕ ಕೇಳಿದಳು.

ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಗೌಡರು ಬಂದರು. ಕಪ್ಪು ಪರದೆ ನೋಡಿ ನಿಂತೇ ಹೇಳಿದರು. “ಏನವಾ ನೀಲಕ್ಕ, ಬೀಗರ ಮುಂದ ನನ್ನ ಮಾರಿ ಏನ ಉಳೀತು ಈಗ?” ಚಿತ್ರಗಳಿದ್ದ ಹಾರ್ಡ್‌ಡಿಸ್ಕನ್ನು ಬಿಚ್ಚಿಸಿಕೊಂಡು ಬೇರೆ ಸ್ಟುಡಿಯೋಗೆ ಹೋದರು. ಅಪ್ಪನ ಕಾಲದಿಂದ ನಡೆದುಬಂದ ಗಿರಾಕಿ.

ಅವರು ಹೊಸ್ತಿಲು ದಾಟಿದ ಮೇಲೆ ನೀಲಕ್ಕನ ಬಾಯಿಂದ ಆ ಮಾತು ಬಂತು. “ಅಪ್ಪನ ಯಂತ್ರ ಮುರದಿ. ಇದನ್ನ ಸುಟ್ಟಿ. ನೀ ಮುಟ್ಟಿದ್ದು ಯಾವುದೂ ಉಳಿಯೂದಿಲ್ಲ ನೋಡು.”

ಅಪ್ಪ ಬೈಯದೆ ಬಿಟ್ಟಿದ್ದನ್ನು ಮಗಳು ಬೈದು ತೀರಿಸಿದಳು. ಚನ್ನವೀರ ಕ್ಯಾಮರಾದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ನಾನು ಇನ್ನೂ ಕೂಗುತ್ತಲೇ ಇದ್ದೆ. ಅವನು ಸುಟ್ಟಿಲ್ಲ ನೀಲಕ್ಕಾ, ನಾನು ಗಟ್ಟಿಯಾಗಿದ್ದೇನೆ, ಒಂದು ಸಲ ಆ ಪಟ್ಟಿ ಕಿತ್ತು ನೋಡು ತಾಯಿ ಎಂದು. ಅವಳು ಕರೆಂಟು ತೆಗೆದಳು. ಬನ್ನಿ ಎಲೆ ನನ್ನ ಪೆಟ್ಟಿಗೆಯ ಮೇಲೆಯೇ ಉಳಿಯಿತು.

ಅವನು ಬೆಳಗಾವಿಯಲ್ಲಿ ಯಾರದೋ ಸ್ಟುಡಿಯೋ ಸೇರಿದನೆಂದು ಬಂದವರ ಬಾಯಲ್ಲಿ ಕೇಳಿದೆ. ನೀಲಕ್ಕ ಒಂದು ಸಾಧಾರಣ ಕಂಪ್ಯೂಟರು ಕೊಂಡಳು. ನನ್ನನ್ನು ಅಟ್ಟಕ್ಕೆ ಏರಿಸಿದಳು. ಅಲ್ಲಿ ನನ್ನ ನೆರೆಯವರು ಅವಳ ಅಪ್ಪನ ಸೀಸದ ಅಚ್ಚುಮೊಳೆಗಳು. ಲಗ್ನಪತ್ರಿಕೆಯಲ್ಲಿ ಊರನ್ನೆಲ್ಲ ಕರೆದ ಅಕ್ಷರಗಳು ಈಗ ಪೆಟ್ಟಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಿದ್ದವು. ಒಂದೂ ಮಾತಾಡಲಿಲ್ಲ. ಬ್ಯಾಟರಿ ಮೆಲ್ಲಗೆ ಸತ್ತು, ನನಗೆ ಇದ್ದ ಒಂದೇ ಆಸರೆಯಾದ ಒಳಗಿನ ಗಡಿಯಾರವೂ ನಿಂತಿತು. ನಿಜ ತಿಳಿದದ್ದು ಇಡೀ ಊರಿನಲ್ಲಿ ನನಗೊಬ್ಬನಿಗೆ. ಒಂಟಿತನ ಅಂದರೆ ಏನೆಂದು ನನಗೆ ಅರ್ಥವಾದದ್ದು ಆಗ. ಪ್ರತಿ ಖಂಡೇ ಪೂಜೆಗೆ ನೀಲಕ್ಕ ಏಣಿ ಹತ್ತಿ ಬಂದು ಅಚ್ಚುಮೊಳೆಗಳನ್ನು ಇಳಿಸಿಕೊಳ್ಳುತ್ತಿದ್ದಳು. ನನ್ನ ಕಡೆ ಮುಖ ತಿರುಗಿಸಿ ಇಳಿದುಬಿಡುತ್ತಿದ್ದಳು.

ತಮ್ಮ ಇಲ್ಲದ ಮೇಲೆ ಸಣ್ಣಪುಟ್ಟ ರಿಪೇರಿ ಅವಳೇ ಕಲಿತಳು. ಹೊಸ ಕಂಪ್ಯೂಟರು ಒಮ್ಮೆ ಏಳದೆ ಕೂಗಿದಾಗ, ಅಂಗಡಿಯವರನ್ನು ಫೋನಿನಲ್ಲಿ ಕೇಳಿ, ರ‍್ಯಾಮು ಕಿತ್ತು ಅದರ ಹಲ್ಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ತಿಕ್ಕಿ ಹಾಕಿದಳಂತೆ. ಎದ್ದುಬಿಟ್ಟಿತಂತೆ. ಆ ವರ್ಷದ ಖಂಡೇ ಪೂಜೆಯ ಮುಂಜಾನೆ ಏಣಿ ಹತ್ತಿದವಳು ನನ್ನ ಮುಂದೆ ಸ್ವಲ್ಪ ಹೊತ್ತು ನಿಂತಳು. “ನೀನೂ ದುಡದಾಂವನ ಹೌದು” ಎಂದು ನನ್ನನ್ನೂ ಇಳಿಸಿಕೊಂಡಳು.

ಪೂಜೆಗೆ ಮೊದಲು ಒರೆಸಬೇಕಲ್ಲ. ಬಾಗಿಲು ತೆಗೆದು, ಧೂಳು ಹೊಡೆದು, ಕೈರೂಢಿಯಾದ ಹಾಗೆ ರ‍್ಯಾಮಿನ ಪಟ್ಟಿ ಕಿತ್ತಳು. ಬುಡವೆಲ್ಲ ಕೆಂಪು.

ಒಣಗಿದ ಕುಂಕುಮವನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿ ಹಾಕಿಕೊಂಡಳು. ನೆತ್ತಿಯಿಂದ ಬುಡದವರೆಗೆ ಇಳಿದ ಗೆರೆಯ ಮೇಲೆ ತನ್ನ ಉಂಗುರದ ಬೆರಳನ್ನು ಇಟ್ಟು ನೋಡಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು. ಅತ್ತಳು ಎಂದೇ ಹೇಳುತ್ತೇನೆ, ಮುಚ್ಚಿಡುವುದೇನು.

ರಬ್ಬರು ಹಚ್ಚಿ ತಿಕ್ಕಿದಳು. ಸೀಳನ್ನು ಬ್ರಷ್ಷಿನಿಂದ ಉಜ್ಜಿದಳು. ಖಾನೆಯೆಲ್ಲ ತಡಕಾಡಿ ಆ ಗುಂಡಿಯಷ್ಟು ಸ್ಪೀಕರು ಹುಡುಕಿ ತಂದು ನನಗೆ ಸಿಕ್ಕಿಸಿದಳು. ಗುಂಡಿ ಒತ್ತಿದಳು. ನಾನು ಹಾಜರಿ ಕರೆದೆ. ಉಳಿದವರೆಲ್ಲರೂ ಓಗೊಟ್ಟರು.

‘ಪೀಂ’ ಎಂದೆ.

ಅಂದು ಪೂಜೆ ಇತ್ತು, ನನ್ನನ್ನು ಮತ್ತೆ ಮುಟ್ಟಲಿಲ್ಲ. ಫೋನನ್ನು ಮಾತ್ರ ಎತ್ತಿ ಎತ್ತಿ ಇಟ್ಟಳು. ಮರುದಿನ ದಸರೆ. ನನ್ನನ್ನು ಎಬ್ಬಿಸಿ, ಬನ್ನಿ ಎಲೆ ಕೈಯಲ್ಲಿ ಹಿಡಿದುಕೊಂಡು ನಂಬರು ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಪಕ್ಕದಲ್ಲಿ ಇಟ್ಟಳು.

“ಚನ್ನ್ಯಾ.”

“ಯಾರು? ... ಅಕ್ಕಾ?”

“ಆ ಮಶೀನ ಚಾಲೂ ಆತೋ. ಏನೂ ಸುಟ್ಟಿರಲಿಲ್ಲ. ರ‍್ಯಾಮಿನ ಬುಡಕ್ಕ ನಾ ಹಚ್ಚಿದ ಕುಂಕುಮ ಇಳದಿತ್ತು. ನೀ ಏನೂ ಮಾಡಿರಲಿಲ್ಲ ತಮ್ಮಾ. ಮಾಡಿದಾಕಿ ನಾನು. ಅಂದಾಕಿನೂ ನಾನ.”

ಆ ಕಡೆ ಎಲ್ಲಿಯೋ ವಾಲಗದವರು ಸುರು ಮಾಡುತ್ತಿದ್ದರು. ಅದರ ನಡುವೆ ಅವನ ದನಿ ಬಂತು.

“ಸ್ಪೀಡ್ ಎಷ್ಟ ತೋರಸಾಕತ್ತೈತಿ?”

“ಹುಟ್ಟಿದಾಗ ಇದ್ದಷ್ಟ. ನೀ ಇಟ್ಟಿದ್ದು ಹೋಗೇತಿ. ಹೆಂಗ ಏರಸೂದು ಹೇಳು.”

“ನೀ ಏರಸ್ತೀಯಾ?”

“ಹೂಂ, ನಾನ.”

ಅವನು ಒಂದೊಂದೇ ಹೇಳಿದ. ಯಾವ ಕೀಲಿ, ಯಾವ ಸಾಲು, ಯಾವ ಅಂಕಿ. ಅಂದು ಕದ್ದು ಏರಿಸಿದ ಮೆಟ್ಟಿಲಿನವರೆಗೂ ಹೇಳಿದ. ಜೀವಮಾನವೆಲ್ಲ ಬೇಡ ಬೇಡ ಎಂದ ಕೈ ಅದನ್ನೆಲ್ಲ ಒತ್ತಿತು. ನಾನು ಉಸಿರು ಕಟ್ಟಿ ಕತ್ತಲಾದೆ.

“ಹೋತೋ!” ನೀಲಕ್ಕ ಚೀರಿದಳು.

“ಹೆದರಬ್ಯಾಡಕ್ಕ. ಅದು ಒಮ್ಮೆ ಹಂಗ ಮಾಡ್ತೈತಿ. ತಡಿ.”

ತಡೆದಳು. ನಾನು ಎದ್ದು, ಇದ್ದ ಜೀವವನ್ನೆಲ್ಲ ಕೂಡಿಸಿ ಕೂಗಿದೆ. ಬೆಳಗಾವಿಗೂ ಕೇಳಿತು.

“ಎದ್ದಿತು” ಎಂದ ಅವನು.

ನೀಲಕ್ಕ ಬನ್ನಿ ಎಲೆಯನ್ನು ಫೋನಿನ ಮೇಲಿಟ್ಟಳು. ಹಿರಿಯಳು ಮೊದಲು ಕೊಡುವ ಪದ್ಧತಿ ಇಲ್ಲ. ಆದರೂ ಅವಳೇ ಮೊದಲು ಹೇಳಿದಳು. “ಬನ್ನಿ ತಗೋಪಾ. ಬಂಗಾರದಂಗ ಇರೂಣು.”

“ಇರೂಣಕ್ಕ.”

“ಬಾ ಒಮ್ಮೆ.”

“ಸೀಜನ್ ಐತಿ. ನೋಡ್ತೀನಿ.”

ಅವನು ಇನ್ನೂ ಬಂದಿಲ್ಲ. ಫೋನು ಮಾಡುತ್ತಾನೆ, ಮಾತು ಬೇಗ ಮುಗಿಯುತ್ತದೆ. ನಾನೀಗ ಮುದಿ. ಎಷ್ಟು ಏರಿಸಿದರೂ ಹೊಸ ಕಂಪ್ಯೂಟರಿನ ಮುಂದೆ ನನ್ನ ಓಟ ಓಟವೇ ಅಲ್ಲ. ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದ್ದಾಳೆ. ಕೆಲಸವೇನೂ ಇಲ್ಲ. ಆಗೊಮ್ಮೆ ಈಗೊಮ್ಮೆ ಗುಂಡಿ ಒತ್ತಿ ‘ಪೀಂ’ ಅನ್ನಿಸಿ ಆರಿಸುತ್ತಾಳೆ.

ಖಂಡೇ ಪೂಜೆಗೆ ಈಗ ನನಗೆ ಹೊರಗಿನಿಂದ ಬೊಟ್ಟು. “ಪೆಟ್ಟಿಗಿಗೆ ಹಚ್ಚಿದ್ರ ಸಾಕಪಾ” ಎನ್ನುತ್ತಾಳೆ. ಅವಳದ್ದು ತಪ್ಪಲ್ಲ. ಆದರೆ ತಗಡಿನ ಆ ಬದಿಯಲ್ಲಿ ಬೆರಳು ಬಂದು ನಿಂತದ್ದು ಈ ಬದಿಗೆ ಗೊತ್ತಾಗುವುದಿಲ್ಲ. ನಿಜ ಹೊರಬಿದ್ದಿತು, ಬಾಯಿ ತಿರುಗಿ ಬಂತು. ಆ ಬೆರಳು ಮಾತ್ರ ಹೋಯಿತು. ರ‍್ಯಾಮಿನ ಸೀಳಿನ ಕೊನೆಯಲ್ಲಿ ಬ್ರಷ್ಷಿಗೆ ಸಿಗದ ಒಂದು ಕಣ ಕೆಂಪು ಇನ್ನೂ ಉಳಿದಿದೆ. ಅದನ್ನು ನಾನು ಜೋಪಾನ ಮಾಡಿದ್ದೇನೆ. ಬರುವ ಖಂಡೇ ಪೂಜೆಗೆ ಅವನು ಬಂದು ಟಾರ್ಚ್ ಹಿಡಿದು ನಿಂತರೆ, ಅವಳು ಬಾಗಿಲು ತೆಗೆದು ಒಳಗೆ ಕೈಹಾಕಿಯಾಳು.