ಚರಗಕ್ಕೊಂದು ಕೆರೆದಂಡೆ

ಜಕ್ಕೂರು ಕೆರೆಯ ಗೇಟಿನ ಮುಂದೆ ಕಾರು ನಿಂತಾಗ ಹನ್ನೊಂದು ಇಪ್ಪತ್ತು. ವಿರೂಪಾಕ್ಷ ಎಲ್ಲರಿಗಿಂತ ಮೊದಲು ಇಳಿದ. ಅವನ ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಹಾಳೆಯಿತ್ತು. ಅದರಲ್ಲಿ ಮೂರು ಕಾಲಂ: ನೋಡುವುದು, ತಿನ್ನುವುದು, ಮಾಡುವುದು. ಮೊದಲನೆಯದರಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಹರಿಗೋಲಿನಲ್ಲಿ ಮೀನು ಹಿಡಿಯುವವರು. ಎರಡನೆಯದರಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರನ್ನ. ಮೂರನೆಯದರಲ್ಲಿ ಹನ್ನೊಂದು ಮುಕ್ಕಾಲಿಗೆ ಚರಗ, ಹನ್ನೆರಡೂಕಾಲಿಗೆ ಊಟ, ಒಂದೂವರೆಗೆ ಏರಿಯ ಮೇಲೆ ನಡಿಗೆ.

ಗೇಟಿಗೆ ಬೀಗ ಹಾಕಿತ್ತು.

ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಕಾವಲುಗಾರ ಎದ್ದು ಬಂದ. ಅಂಗಿಯ ಮೇಲೆ ಮೆಹಬೂಬ್ ಪಾಷಾ ಎಂಬ ಹೆಸರಿನ ಪಟ್ಟಿ. “ಬೆಳಿಗ್ಗೆದು ಟೈಮ್ ಮುಗೀತು ಸಾರ್. ಇನ್ನು ಸಂಜೆ ನಾಲ್ಕಕ್ಕೆ.”

“ನಾನು ಮೂರು ಸಲ ಬಂದು ನೋಡಿದ್ದೀನಲ್ರೀ! ಮೂರು ಸಲಾನೂ ಗೇಟ್ ತೆಗೆದೇ ಇತ್ತು.”

“ಎಷ್ಟೊತ್ತಿಗೆ ಬಂದಿದ್ರಿ?”

“ಏಳಕ್ಕೆ. ಭಾನುವಾರ.”

“ಅದೇ ಸಾರ್. ಏಳಕ್ಕೆ ಬಂದ್ರೆ ಇವತ್ತೂ ತೆಗ್ದಿರ್ತಿತ್ತು.” ಪಾಷಾ ಕಾರಿನ ಕಿಟಕಿಯಲ್ಲಿ ಕಂಡ ಬುತ್ತಿಯ ಬುಟ್ಟಿಯನ್ನು ನೋಡಿದ. “ಊಟ ಬೇರೆ ತಂದಿದ್ದೀರಾ? ನಾಲ್ಕಕ್ಕೆ ಬಂದ್ರೂ ಅದನ್ನ ಒಳಗೆ ಬಿಡಲ್ಲ.”

ವಿರೂಪಾಕ್ಷ ಯಲಹಂಕದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕ. ಬೇರಿಂಗ್ ಒಂದರ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುವವನು. ಮಧ್ಯಾಹ್ನದ ಕೆಲಸಕ್ಕೆ ಜಾಗವನ್ನು ಬೆಳಿಗ್ಗೆ ಪರೀಕ್ಷೆ ಮಾಡಿದ್ದೆ ಎಂಬುದು ಅವನಿಗೆ ಹೊಳೆದದ್ದು ಈಗ.

ಎಳ್ಳು ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲ ತುತ್ತನ್ನು ಬೆಳೆಯ ನಡುವೆ ಭೂಮಿತಾಯಿಗೆ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುವುದು ಗದಗ, ರೋಣದ ಕಡೆಯ ರೂಢಿ. ಆ ಚೆಲ್ಲುವ ತುತ್ತೇ ಚರಗ. ಅದಾಗುವವರೆಗೆ ಬುತ್ತಿಯನ್ನು ಯಾರೂ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಹೊಲವಿಲ್ಲದ ರೋಣದವರಿಗೆ ಕೆರೆದಂಡೆಯೇ ಸಾಕು ಎಂದು ಈ ಪದ್ಧತಿಯನ್ನು ಶುರುಮಾಡಿದವರು ಕಾಡಪ್ಪ, ಯಶವಂತಪುರದ ಕಾಲೇಜೊಂದರ ಗುಮಾಸ್ತ. ಒಂಬತ್ತು ವರ್ಷ ಯಲಹಂಕದ ಹತ್ತಿರದ ಸಿಂಗಾಪುರ ಎಂಬ ಹಳ್ಳಿಯಾಚೆಯ ಒಂದು ಖಾಲಿ ದಂಡೆಯಲ್ಲಿ ನಡೆದಿತ್ತು. ಈ ವರ್ಷ ಅಲ್ಲಿ ಅಪಾರ್ಟ್‌ಮೆಂಟಿನ ತಗಡಿನ ಗೋಡೆ ಎದ್ದಿತ್ತು.

ಹೀಗೆ ಸೇರುತ್ತಿದ್ದ ಐದು ಮನೆಗಳಲ್ಲಿ ಎರಡು ಮನೆಯವರು ಈ ಸಲ ಬರುವುದಿಲ್ಲ ಅಂದಿದ್ದರು. ವಿಜಯಕುಮಾರ ಅಂತೂ ವಾಟ್ಸಾಪ್ ಗುಂಪಿನಲ್ಲೇ ಬರೆದಿದ್ದ: ಜಾಗ ಸಿಗದಿದ್ದರೆ ಮುಂದಿನ ವರ್ಷದಿಂದ ನಂದಿ ಬೆಟ್ಟದ ಕಡೆ ರೆಸಾರ್ಟ್, ತಲೆಗಿಷ್ಟು, ಊಟ ಈಜು ಎರಡೂ ಸೇರಿ. ಎಲ್ಲರೂ ಹೆಬ್ಬೆರಳು ಒತ್ತಿದ್ದರು. ವಿರೂಪಾಕ್ಷ ಒಬ್ಬನೇ ‘ಈ ವರ್ಷ ಜಾಗದ ಹೊಣೆ ನನ್ನದು’ ಎಂದು ಬರೆದ. ಅವನಪ್ಪ ಬಸ್ ಕಂಡಕ್ಟರ್, ಊರಲ್ಲಿ ಒಂದು ಗುಂಟೆ ಹೊಲವೂ ಇರಲಿಲ್ಲ. ಅವನು ಮೊದಲ ಸಲ ಚರಗ ನೋಡಿದ್ದೇ ಬೆಂಗಳೂರಿನಲ್ಲಿ, ಕೊಡಿಗೇಹಳ್ಳಿಯ ಕೋಣೆಯಲ್ಲಿ ಒಬ್ಬನೇ ಇದ್ದ ದಿನಗಳಲ್ಲಿ, ಕಾಡಪ್ಪ ಕರೆದರೆಂದು ಹೋಗಿ. ಈ ಊರಿಗೆ ಬಂದ ಮೇಲೆ ಹೊಟ್ಟೆತುಂಬ ಉಂಡ ಮೊದಲ ಊಟ ಅದು. ಇವತ್ತು ತಪ್ಪಿದರೆ ಈ ಚರಗ ಮತ್ತೆ ನಡೆಯುವುದಿಲ್ಲ.

ಅವನು ಕಾರಿಗೆ ಮರಳಿದ. ಸ್ಟೀರಿಂಗ್ ಹಿಡಿದಿದ್ದ ವಿಜಯಕುಮಾರ ನಕ್ಕ. “ಏನ್ ಇನ್ಸ್‌ಪೆಕ್ಟರ್ ಸಾಹೇಬ್ರ, ಮಾಲು ರಿಜೆಕ್ಟ್ ಆತೇನು?”

“ಚಿಕ್ಕಜಾಲದ ಕಡೆ ನಡಿ. ಅಲ್ಲಿ ಕೆರಿ ಅದಾವ.”

“ಅದಾವ ಅಂದ್ರ? ನೋಡಿಯೇನು?”

“ನಡಿ ದೋಸ್ತ, ಸುಮ್ನ.”

ಹಿಂದಿನ ಸೀಟಿನಲ್ಲಿ ವಿರೂಪಾಕ್ಷನ ಹೆಂಡತಿ ಸ್ಮಿತಾ, ಕಾಡಪ್ಪ, ಅವರ ಹೆಂಡತಿ ರತ್ನಕ್ಕ. ಬುಟ್ಟಿ ರತ್ನಕ್ಕನ ತೊಡೆಯ ಮೇಲಿತ್ತು. ಎಣ್ಣೆಗಾಯಿಯ ವಾಸನೆ ಕಾರಿನಲ್ಲೆಲ್ಲ ತುಂಬಿತ್ತು. ವಿಮಾನ ನಿಲ್ದಾಣದ ರಸ್ತೆಯಲ್ಲಿ ಯಲಹಂಕ ದಾಟುವಷ್ಟರಲ್ಲಿ ಹನ್ನೆರಡು ಹೊಡೆಯಿತು. ವಿರೂಪಾಕ್ಷ ಪ್ರತಿ ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ.

“ರೀ, ಗಡಿಯಾರ ನೋಡಿದ್ರ ಅದೇನು ನಿಲ್ಲತೈತೇನು?” ಎಂದಳು ಸ್ಮಿತಾ.

“ರತ್ನಕ್ಕಗ ಗುಳಿಗಿ ತಗೊಳ್ಳೋದೈತಿ. ಉಣ್ಣದ ಹೆಂಗ ತಗೋತಾರ?”

“ನನ್ನ ಚಿಂತಿ ಬಿಡು ತಮ್ಮಾ,” ಎಂದರು ರತ್ನಕ್ಕ. ಆದರೆ ಅವರ ಧ್ವನಿ ಸಣ್ಣಗಾಗಿತ್ತು. ಕಾಡಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಅವರು ಬೈದಿದ್ದರೆ ವಿರೂಪಾಕ್ಷನಿಗೆ ಸಮಾಧಾನವಾಗುತ್ತಿತ್ತು.

ಚಿಕ್ಕಜಾಲದ ಹಳೆಯ ಕೋಟೆಯ ಕಲ್ಲುಗಳು ರಸ್ತೆಯ ಪಕ್ಕದಲ್ಲಿ ಕಂಡು ಮರೆಯಾದವು. ಒಳದಾರಿಗೆ ತಿರುಗಿದ ಮೇಲೆ ಮೊದಲು ಸಿಕ್ಕ ಕೆರೆಯಲ್ಲಿ ನೀರಿರಲಿಲ್ಲ, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಎರಡನೆಯದರ ಸುತ್ತ ಮುಳ್ಳುತಂತಿ. ಒಂದು ಗಂಟೆಗೆ ಹತ್ತು ನಿಮಿಷವಿದ್ದಾಗ ಮೂರನೆಯದು ಸಿಕ್ಕಿತು. ಎತ್ತರದ ಏರಿ, ಆಚೆ ಬದಿಗೆ ನೀರು, ನೀರಿನ ಮೇಲೆ ಬಿಸಿಲು. ಏರಿಯ ಕೆಳಗೆ ದಂಟು, ಕೊತ್ತಂಬರಿ, ಪಾಲಕ್‌ನ ಹಸಿರು ಪಾತಿಗಳು. ಸುತ್ತ ಯಾರೂ ಕಾಣಲಿಲ್ಲ.

“ಇದೇ,” ಎಂದ ವಿರೂಪಾಕ್ಷ.

ಅವನು ಯಾರಿಗೂ ಕಾಯಲಿಲ್ಲ. ಬುಟ್ಟಿ ಇಸಿದುಕೊಂಡು ಪಾತಿಗಿಳಿದ. ಪೂಜೆಗೆಂದು ಐದು ಕಲ್ಲು ಹುಡುಕಿ ಬದುವಿನ ಮೇಲೆ ಸಾಲಾಗಿಟ್ಟು ಅರಿಸಿನ ಕುಂಕುಮ ಹಚ್ಚಿದ. ರೊಟ್ಟಿ, ಹೋಳಿಗೆ, ಅನ್ನ ಕಲಸಿ ಬೊಗಸೆ ತುಂಬಿಕೊಂಡ. ಪ್ರತಿ ವರ್ಷ ಚೆಲ್ಲುತ್ತಿದ್ದವರು ಕಾಡಪ್ಪ. ಅವರಿನ್ನೂ ಏರಿಯಿಂದ ಒಂದೊಂದೇ ಹೆಜ್ಜೆ ಇಳಿಯುತ್ತಿದ್ದರು.

“ಹುಲ್ಲುಲ್ಲಿಗೋ!” ಎಂದು ಚರಗದ ಕೂಗು ಹಾಕಿ ವಿರೂಪಾಕ್ಷ ದಂಟಿನ ಪಾತಿಯ ಮೇಲೆ ಬೀಸಿ ಚೆಲ್ಲಿದ.

“ಯಾರ್ಲಾ ಅದು!”

ಪಂಪಿನ ಮನೆಯ ಹಿಂದಿನಿಂದ ಅರವತ್ತರ ಹತ್ತಿರದ ಹೆಂಗಸೊಬ್ಬಳು ಕುಡುಗೋಲು ಹಿಡಿದೇ ಬಂದಳು. ಬಂದವಳು ಕಲ್ಲುಗಳನ್ನು ನೋಡಿದಳು, ಕುಂಕುಮ ನೋಡಿದಳು, ಪಾತಿಯ ಮೇಲಿನ ಅನ್ನ ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದಳು.

“ಅಮಾಸೆ ದಿನ ನನ್ ತ್ವಾಟಕ್ಕೇ ಬಂದು ಮಾಟ ಮಾಡ್ತೀರಾ? ಅದೇನೋ ಮಂತ್ರ ಬ್ಯಾರೆ ಕೂಗ್ದಲ್ಲ!”

“ಅಮ್ಮಾ, ಮಾಟ ಅಲ್ಲಮ್ಮ, ಇದು ನಮ್ ಕಡೆ ಹಬ್ಬ. ಭೂಮಿತಾಯಿಗೆ…”

“ಓದ್ ತಿಂಗ್ಳು ಅಮಾಸೇಲೂ ಇಂಗೇ ಯಾರೋ ಕುಂಬ್ಳಕಾಯಿಗೆ ಕುಂಕುಮ ಬಳ್ದು ಇಲ್ಲಿ ಇಟ್ಟೋದ್ರು. ಮಾರ್ನೇ ದಿನ ನಮ್ ಅಸು ಮಲಗಿದ್ದು ಏಳ್ಲೇ ಇಲ್ಲ. ಅದೂ ಅಬ್ಬಾನಾ?” ಅವಳು ಪಾತಿಯ ಕಡೆ ಕುಡುಗೋಲು ತೋರಿಸಿದಳು. “ಒಂದ್ ಅಗುಳು ಬಿಡಂಗಿಲ್ಲ. ಆರಿಸ್ಕೊಂಡು ಓಯ್ತಾ ಇರು. ಇಲ್ಲಾಂದ್ರೆ ಊರೋರ್ನ ಕೂಗ್ತೀನಿ, ಈ ಗೋಪಾಲಮ್ಮ ಯಾರು ಅಂತ ಆಮೇಲೆ ಗೊತ್ತಾಯ್ತದೆ.”

ವಿರೂಪಾಕ್ಷ ಕಾಡಪ್ಪನ ಮುಖ ನೋಡಿದ. ಕಾಡಪ್ಪ ಬೇಡವೆಂದು ತಲೆಯಾಡಿಸಿದರು. “ಭೂಮಿತಾಯಿ ಬಾಯಿಗೆ ಹಾಕಿದ್ದು, ತಮ್ಮಾ. ತಿರುಗಿ ತಗೊಳ್ಳೂದು ಎಲ್ಲ್ಯಾರ ಉಂಟೇನು?”

“ಬಾರೋ ಹೋಗೂಣು,” ವಿಜಯಕುಮಾರ ಏರಿಯ ಮೇಲಿನಿಂದಲೇ ಕರೆದ. “ಇದು ಎಲ್ಲಿಗೋ ಹೋಗಿ ಮುಟ್ಟತೈತಿ. ರೆಸಾರ್ಟ್‌ನ್ಯಾಗ ಯಾರೂ ಕುಡುಗೋಲು ಹಿಡ್ಕೊಂಡು ಬರೂದಿಲ್ಲ.”

ಹೊರಟುಬಿಡಬಹುದಿತ್ತು. ಕಾರು ನಲವತ್ತು ಹೆಜ್ಜೆ ದೂರದಲ್ಲಿತ್ತು. ಆದರೆ ಹೋದರೆ ಈ ಹೆಂಗಸು ಈ ಪಾತಿಯ ಸೊಪ್ಪನ್ನು ಕಿತ್ತೆಸೆಯುತ್ತಾಳೆ, ವಾರವಿಡೀ ಕೊಟ್ಟಿಗೆಯ ಕಡೆ ಹೆದರಿ ನೋಡುತ್ತಾಳೆ. ಭೂಮಿತಾಯಿಯ ಹೆಸರಲ್ಲಿ ಅಷ್ಟನ್ನು ಬಿಟ್ಟುಹೋಗುವುದು ವಿರೂಪಾಕ್ಷನಿಗೆ ಆಗಲಿಲ್ಲ. ಅವನು ಮೊಣಕಾಲೂರಿ ಕೂತ. ದಂಟಿನ ಎಲೆಗಳನ್ನು ಸರಿಸಿ ಅನ್ನದ ಅಗುಳುಗಳನ್ನು, ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಕಾರ್ಖಾನೆಯಲ್ಲಿ ಕೆಟ್ಟ ಮಾಲನ್ನು ಬೇರೆ ಮಾಡುವಷ್ಟೇ ಎಚ್ಚರದಿಂದ. ಅಂಗೈ ತುಂಬಿತು. ಎಲ್ಲಿ ಹಾಕುವುದೆಂದು ತಿಳಿಯಲಿಲ್ಲ. ಗೋಪಾಲಮ್ಮನ ಕಣ್ಣು ಅವನ ಕೈಯ ಮೇಲೇ ಇತ್ತು.

ಅವನು ಅದನ್ನು ಬಾಯಿಗೆ ಹಾಕಿಕೊಂಡ.

ಹಲ್ಲಿನ ನಡುವೆ ಮಣ್ಣು ಕರಕರ ಅಂದಿತು. ನುಂಗಿ ಹೇಳಿದ, “ಮಾಟದ್ದಾಗಿದ್ರೆ ನಾನೇ ತಿಂತಿದ್ನಾ ಅಮ್ಮ?”

ಅವನು ಮತ್ತೆ ಹೆಕ್ಕಿದ, ಮತ್ತೆ ತಿಂದ. ಪಕ್ಕದಲ್ಲಿ ಏನೋ ಸದ್ದಾಯಿತು. ಕಾಡಪ್ಪ ಪಂಚೆ ಎತ್ತಿಕಟ್ಟಿ, ಮಂಡಿನೋವಿಗೆ ಮುಲುಗುತ್ತ ಕೂರುತ್ತಿದ್ದರು.

“ಕಾಡಪ್ಪಣ್ಣಾರ, ನೀವು ಬ್ಯಾಡ್ರಿ. ತಿರುಗಿ ತಗೊಳ್ಳಬಾರದು ಅಂದ್ರಿ.”

“ತಗೊಂಡ್ರ ತಪ್ಪು. ಭೂಮಿತಾಯಿ ಉಂಡು ಬಿಟ್ಟದ್ದು ಪ್ರಸಾದ ಅಂತ ತಿಳಕೊಂಡ್ರಾತು,” ಎಂದು ಕಾಡಪ್ಪ ಹೋಳಿಗೆಯ ಒಂದು ಚೂರು ಊದಿ ಬಾಯಿಗಿಟ್ಟುಕೊಂಡರು.

ಗೋಪಾಲಮ್ಮ ಕುಡುಗೋಲನ್ನು ಬದುವಿನ ಮೇಲಿಟ್ಟಳು.

“ಸಾಕು ಏಳ್ರಪ್ಪ ಮ್ಯಾಕೆ. ಮೊನ್ನೆ ತಾನೇ ಕೊಟ್ಟಿಗೆ ಗೊಬ್ರ ಆಕಿರೋ ಮಣ್ಣು ಅದು.”

ಏರಿಯ ಮೇಲೆ ಸ್ಮಿತಾ ಸೆರಗು ಬಾಯಿಗೊತ್ತಿಕೊಂಡು ನಗು ತಡೆದಳು. ಕಾಡಪ್ಪ ನಿಧಾನವಾಗಿ ಉಗುಳಿದರು. “ಗೊಬ್ಬರಾನೂ ಪ್ರಸಾದನ ಬಿಡವಾ, ಏನ್ ಮಾಡೂದು,” ಎಂದರು. ಈಗ ಗೋಪಾಲಮ್ಮನ ಮುಖದಲ್ಲೂ ಏನೋ ಸಡಿಲಾಯಿತು.

“ಭೂಮ್ತಾಯಿಗೆ ಅಂದ್ರಲ್ಲ, ಅಂಗಾರೆ ಅಗೋ, ಏರಿ ಮ್ಯಾಲೆ ಆಚೆ ತುದೀಲಿ ಆಕಿ. ಅದು ಯಾರ್ದೂ ಅಲ್ಲ, ಎಲ್ಲಾರ್ದೂವೆ. ನನ್ ಸೊಪ್ಪಿನ್ ಮ್ಯಾಲೆ ಬ್ಯಾಡ.”

ಏರಿಯ ತುದಿಯಲ್ಲಿ ಎರಡನೆಯ ಸಲ ಐದು ಕಲ್ಲು ಇಟ್ಟರು. ಈ ಸಲ ಬೊಗಸೆ ಕಾಡಪ್ಪನದು. ವಿರೂಪಾಕ್ಷ ಅವರ ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ನಡೆದ. ಬೆಳ್ಳಕ್ಕಿಗಳೆರಡು ಹೆದರಿ ಎದ್ದು ಮತ್ತೆ ಕೂತವು. ರತ್ನಕ್ಕ ಮೊದಲ ರೊಟ್ಟಿ ಮುರಿದಾಗ ಎರಡು ಗಂಟೆಗೆ ಐದು ನಿಮಿಷವಿತ್ತು. ಅವರು ಗುಳಿಗೆ ನುಂಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ವಿರೂಪಾಕ್ಷ ಕೂತದ್ದು. ರತ್ನಕ್ಕ ಗೋಪಾಲಮ್ಮನನ್ನು ಊಟಕ್ಕೆ ಕರೆದರು. ಅವಳು ಬರಲಿಲ್ಲ. ಅಮಾವಾಸ್ಯೆಯ ದಿನ ಅಪರಿಚಿತರ ಕೈಯ ಅನ್ನ ಉಣ್ಣಲು ಅವಳಿಗೆ ಇನ್ನೂ ಮನಸ್ಸು ಒಪ್ಪಿರಲಿಲ್ಲ. ಆದರೆ ಹೊರಡುವ ಹೊತ್ತಿಗೆ ಒಂದು ಕಟ್ಟು ದಂಟು ತಂದು ಕಾರಿನ ಮೇಲಿಟ್ಟಳು.

“ಬರೋ ವರ್ಸ ಬಂದ್ರೆ ಮೊದ್ಲು ನಂಗೊಂದ್ ಮಾತು ಯೇಳಿ ಬನ್ನಿ. ಸುಮ್ಕೆ ಕೂಗ್ಬ್ಯಾಡಿ, ಎದೆ ಒಡ್ಕೊತದೆ.”

ವಿಜಯಕುಮಾರ ನಾಲ್ಕನೆಯ ಹೋಳಿಗೆ ಮುಗಿಸಿ ಕೈ ತೊಳೆಯುತ್ತಿದ್ದ. “ಬರೋ ವರ್ಷ ಎಳ್ಳು ಅಮಾಸಿ ಯಾವಾಗ ಬರತೈತೋ ವಿರೂಪಾ? ರಜಾ ಮೊದ್ಲೇ ಹಾಕಬೇಕು,” ಎಂದ. ರೆಸಾರ್ಟಿನ ಮಾತು ಎತ್ತಲಿಲ್ಲ.

ವಿರೂಪಾಕ್ಷನ ಹಲ್ಲಿನ ಸಂದಿಯಲ್ಲಿ ಒಂದು ಮರಳಿನ ಕಣ ಇನ್ನೂ ಸಿಕ್ಕಿಕೊಂಡಿತ್ತು. ನಾಲಿಗೆ ಅದನ್ನೇ ತಡವುತ್ತಿತ್ತು. ಹಾಳೆಯನ್ನು ಕಾರಿನ ಬಾನೆಟ್ ಮೇಲೆ ಬಿಡಿಸಿ, ಮೂರು ಕಾಲಂಗಳ ಪಕ್ಕ ಕೈಯಿಂದಲೇ ಒಂದು ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಮೇಲೆ ‘ಕೇಳುವುದು’ ಎಂದು ಬರೆದು, ಅದರ ಕೆಳಗೆ ಗೋಪಾಲಮ್ಮನ ಹೆಸರು ಬರೆದ. ಆಮೇಲೆ ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಪಂಪಿನ ಮನೆಯ ಕಡೆ ನಡೆದ, ಅವಳ ಫೋನ್ ನಂಬರು ಕೇಳಲು.